ಬಾಗಿದ ದುಂಡಕ್ಷರ

9 ಜನವರಿ 2001, ತುಮಕೂರು

ಕುಣಿಗಲ್ಲಿನ ಗೊಬ್ಬರದಂಗಡಿ ಅಡವಿಯಪ್ಪನವರು ಹೊಸ ವರ್ಷಕ್ಕೆಂದು ಡೈರಿ ಕೊಟ್ಟಿದ್ದಾರೆ. ಪ್ರತಿ ಪುಟದ ಕೆಳಗೂ ಒಂದು ಸಲಹೆ. ಇವತ್ತಿನದು, ‘ಯೂರಿಯಾ ಹಾಕುವ ಮುನ್ನ ಮಣ್ಣು ಪರೀಕ್ಷಿಸಿ’. ಪರೀಕ್ಷಿಸಲು ನನ್ನ ಬಳಿ ಹೂಕುಂಡದ ಮಣ್ಣೂ ಇಲ್ಲ. ಬೋರ್ಡ್ ಬರೆಯುವವರಿಗೆ ಡೈರಿ ಯಾಕೆ ಎಂದು ನನ್ನ ಹೆಂಡತಿ ರಹಿಮಾ ಬೀ ಕೇಳಿದಳು. ಇಷ್ಟು ವರ್ಷ ಊರವರ ಅಂಗಡಿಗಳ ಹೆಸರು ಬರೆದಾಯಿತು, ಸ್ವಂತದ್ದೂ ನಾಲ್ಕು ಸಾಲು ಇರಲಿ ಎಂದೆ. ಮನೆಯಲ್ಲಿ ನಮ್ಮ ಮಾತು ಉರ್ದು, ಆದರೆ ಈ ಕೈ ಬರೆಯಲು ಕಲಿತದ್ದು ಕನ್ನಡವೊಂದನ್ನೇ. ಆದ್ದರಿಂದ ಖುರ್ಷಿದ್ ಪಾಷಾನ ಆತ್ಮಚರಿತ್ರೆ ಯೂರಿಯಾದ ಮೇಲ್ಗಡೆ, ಕನ್ನಡದಲ್ಲಿ.

ಬರೆಯಲು ವಿಷಯವೂ ತಾನಾಗಿಯೇ ನಡೆದು ಬಂತು. ಎದುರು ಸಾಲಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಮಾಡಿಕೊಡುವ ಚನ್ನೇಶ್ ನನ್ನ ಅಂಗಡಿಗೆ ಬಂದಿದ್ದ. ಮೂವತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಫ್ಲಾಪಿ. ನನ್ನ ಅಕ್ಷರವನ್ನು ಫಾಂಟ್ ಮಾಡಿ ಕಂಪ್ಯೂಟರಿನೊಳಗೆ ಹಾಕುತ್ತಾನಂತೆ. ಕೀಲಿ ಒತ್ತಿದರೆ ಸಾಕು, ಪಾಷಾ ಅಕ್ಷರ ಉದುರುತ್ತದಂತೆ.

“ಖುರ್ಷಿದಣ್ಣ, ನಾಳೆ ನೀವಿರ್ತೀರೋ ಇಲ್ವೋ, ಅಕ್ಷರ ಇರ್ಬೇಕಲ್ವಾ?” ಎಂದ.

ಬೋಣಿಗೂ ಮುಂಚೆ ಇಂಥ ಶುಭವಾಕ್ಯ ಕೇಳಿದರೆ ದಿನವಿಡೀ ಹುಮ್ಮಸ್ಸು.

“ಕರೆಂಟ್ ಹೋದಾಗ ನಿನ್ ಕಂಪ್ಯೂಟರ್ ಇರುತ್ತೋ ಇಲ್ವೋ, ಮೊದ್ಲು ಅದನ್ನ ನೋಡ್ಕೊಳಪ್ಪ,” ಎಂದು ಕಳಿಸಿದೆ.

12 ಜನವರಿ

ಯಾರೂ ಕೇಳದಿದ್ದರೂ ಆ ಅಕ್ಷರದ ಜಾತಕ ಬರೆದಿಡುತ್ತೇನೆ. ಗುಬ್ಬಿ ಗೇಟಿನಲ್ಲಿ ಶಿವರಾಮಯ್ಯನವರ ಬೇಕರಿ ಶುರುವಾದಾಗ ನಾನು ಎಲ್ಲರಂತೆ ನೆಟ್ಟಗೆ, ಮೂಲೆಗಳನ್ನು ಚೂಪಾಗಿಸಿ ಬೋರ್ಡ್ ಬರೆದುಕೊಟ್ಟಿದ್ದೆ. ಸ್ವಲ್ಪ ದಿನಕ್ಕೆ ಅವರೇ ಬಂದರು. “ಸಾಬ್ರೇ, ಜನ ಬೋರ್ಡ್ ನೋಡಿ ತಾಲ್ಲೂಕ್ ಆಫೀಸು ಅನ್ಕೊಂಡು ಮುಂದಕ್ಕೋಯ್ತಾವ್ರೆ. ಬನ್ ತಿನ್ನೋಕೆ ಬನ್ನಿ ಅನ್ನೋ ಥರ ಬರ್ಕೊಡಿ,” ಎಂದರು.

ಗಿರಾಕಿ ಮೆಟ್ಟಿಲು ಹತ್ತಿದರೆ ಶಿವರಾಮಯ್ಯನವರು ಗಲ್ಲಾದ ಮೇಲಿಂದ ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದರು. ಅಕ್ಷರವನ್ನೂ ಅಷ್ಟೇ ಬಲಕ್ಕೆ ಬಾಗಿಸಿದೆ. ತುದಿಗಳ ಚೂಪು ತೆಗೆದು ಗುಂಡಗೆ ಮಾಡಿದೆ. ತಲೆಕಟ್ಟನ್ನು, ಅಂದರೆ ಅಕ್ಷರದ ನೆತ್ತಿಯ ಗೆರೆಯನ್ನು, ಪರಿಚಯದವರನ್ನು ಕಂಡಾಗ ಹುಬ್ಬು ಎತ್ತುತ್ತೇವಲ್ಲ, ಹಾಗೆ ಒಂದಿಷ್ಟು ಮೇಲೆತ್ತಿದೆ. ಎಲ್ಲವೂ ಬ್ರಷ್ ಎತ್ತದೆ, ಒಂದೇ ಎಳೆತದಲ್ಲಿ. ಬನ್ನು ಚೆನ್ನಾಗಿ ಖರ್ಚಾಯಿತು.

ಆಮೇಲೆ ತುಮಕೂರಿನಿಂದ ಗುಬ್ಬಿ, ಕುಣಿಗಲ್ ತನಕ ಬಳೆ ಅಂಗಡಿ, ಬಟ್ಟೆ ಅಂಗಡಿ, ಶಿಶುವಿಹಾರ, ಖಾಸಗಿ ಬಸ್ಸಿನ ಬೆನ್ನು, ಎಲ್ಲದರ ಮೇಲೂ ಅದೇ ಅಕ್ಷರ. ಬರೆಯಲು ಒಪ್ಪದ್ದು ಒಂದೇ ಕಡೆ, ಸ್ಮಶಾನದ ಗೇಟಿಗೆ. ಅಲ್ಲಿ ನಿಂತು ಬನ್ನಿ ಬನ್ನಿ ಎನ್ನುವುದು ಮರ್ಯಾದೆಯಲ್ಲ ಎಂದು ನೆಟ್ಟಗಿನ ಅಕ್ಷರವನ್ನೇ ಬರೆದುಕೊಟ್ಟೆ.

23 ಜನವರಿ, ಗುಬ್ಬಿಯಿಂದ ಬಂದು

ಗುಬ್ಬಿಯಲ್ಲಿ ಶಿವರುದ್ರಮ್ಮ ಹೊಸದಾಗಿ ಮೆಸ್ ತೆರೆಯುತ್ತಿದ್ದಾರೆ. ಅವರ ಏಣಿಯಂಥ ಏಣಿಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ನಾನು ಹತ್ತಿದರೆ ಅದು ಅಲುಗುತ್ತದೆ. ಸಾಲದ್ದಕ್ಕೆ ಎದುರಿನ ರಸ್ತೆಯಲ್ಲಿ ಲಾರಿಗಳ ಮೆರವಣಿಗೆ, ಗೋಡೆಯೇ ಅದುರುತ್ತದೆ. ಬ್ರಷ್ಷಿನ ಕೂದಲೂ ಈಚೆಗೆ ಮೊದಲಿನಂತೆ ಬರುತ್ತಿಲ್ಲ. ಇಷ್ಟು ಶತ್ರುಗಳ ನಡುವೆ ‘ಬಸವೇಶ್ವರ ಮೆಸ್’ ಎಂದು ಬರೆದು ಇಳಿದೆ. ಗೆರೆಗಳ ಅಂಚು ಸ್ವಲ್ಪ ಏರಿಳಿದಿತ್ತು.

ಶಿವರುದ್ರಮ್ಮ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದರು. “ಏನ್ ಸಾಬ್ರೇ, ಈ ಸಲ ಅಕ್ಷರಕ್ಕೆ ಅಲೆ ಅಲೆ ಬುಟ್ಟಿದೀರಾ. ಹೊಸಾ ಡಿಸೈನಾ?”

ನನ್ನ ಬಾಯಿ ನನ್ನ ಅಪ್ಪಣೆಗೆ ಕಾಯಲಿಲ್ಲ. “ಹೂಂ ತಾಯಿ, ಹೊಸದು.”

“ಚೆಂದಾಗದೆ ಬುಡಿ. ನೀರೊಳಗೆ ಕಂಡಂಗೈತೆ,” ಎಂದು ಮುದ್ದೆ, ಹುರುಳಿಕಾಳು ಸಾರು ಬಡಿಸಿದರು. ಮುದ್ದೆ ಚೆನ್ನಾಗಿತ್ತು. ಏಣಿಯ ಬಗ್ಗೆ ಮಾತ್ರ ಅವರು ಏನಾದರೂ ಮಾಡಬೇಕು.

6 ಫೆಬ್ರವರಿ, ಕುಣಿಗಲ್

ಅಡವಿಯಪ್ಪನವರ ಪಕ್ಕದಂಗಡಿಗೆ ಬೆಂಗಳೂರಿನಿಂದ ಸ್ಟಿಕ್ಕರ್ ಬೋರ್ಡ್ ಬಂದಿದೆ. ಯಂತ್ರವೇ ಕತ್ತರಿಸಿದ್ದಂತೆ. ನನ್ನ ಶೈಲಿಯದ್ದು ಎಂದು ಹೇಳಿ ಮಾರಿದ್ದಾರೆ. ಮಾಡಿರುವುದಿಷ್ಟೇ, ನೆಟ್ಟಗೆ ನಿಂತಿದ್ದ ಅಕ್ಷರವನ್ನು ಹಿಡಿದು ಪಕ್ಕಕ್ಕೆ ತಳ್ಳಿದ್ದಾರೆ. ಬಾಗುವುದಕ್ಕೂ ಬೀಳುವುದಕ್ಕೂ ವ್ಯತ್ಯಾಸ ತಿಳಿಯದ ಜನ. ಸೊನ್ನೆಗಳೆಲ್ಲ ಉರುಳಿಹೋಗುವ ಮೊಟ್ಟೆಗಳಾಗಿವೆ. “ನಿಮ್ದೇ ಅಲ್ವಾ ಪಾಷಾರೇ?” ಎಂದು ಅಡವಿಯಪ್ಪನವರು ಪ್ರೀತಿಯಿಂದ ಕೇಳಿದರು. ಅವರ ಗೊಬ್ಬರವನ್ನು ಅವರ ತಲೆಗೇ ಸುರಿಯಬೇಕೆನಿಸಿತು.

ವಾಪಸು ಬಂದವನೇ ಚನ್ನೇಶನ ಬಾಗಿಲಲ್ಲಿ ನಿಂತು, “ಆಯ್ತು, ಮಾಡು,” ಎಂದೆ. ಅಕ್ಷರ ನನ್ನ ಹೆಸರು ಹೊತ್ತು ತಿರುಗುವುದೇ ಆದರೆ ನನ್ನದೇ ತಿರುಗಲಿ.

20 ಫೆಬ್ರವರಿ

ಚನ್ನೇಶ್ ಚೌಕಳಿ ಹಾಳೆಗಳ ಒಂದು ಕಟ್ಟು ತಂದುಕೊಟ್ಟ. ಒಂದೊಂದು ಹಾಳೆಯಲ್ಲಿ ಒಂದೊಂದೇ ಅಕ್ಷರ ಬರೆಯಬೇಕಂತೆ.

“ಮೊದ್ಲು ಕ ಬರೀರಿ.”

“ಯಾವ ಅಂಗಡಿ ಕ?”

“ಅಂಗಡಿ ಯಾವ್ದೂ ಇಲ್ಲಣ್ಣ. ಬರೀ ಕ.”

ಬರೀ ಕ ಎಂಬುದನ್ನು ನಾನು ಒಂದನೇ ಕ್ಲಾಸಿನ ನಂತರ ಬರೆದಿಲ್ಲ. ಕಿರಾಣಿಯ ಕ ಬೇರೆ, ಕಟಿಂಗ್ ಶಾಪಿನ ಕ ಬೇರೆ. ಪಕ್ಕದ ಅಕ್ಷರ ದಪ್ಪವಾಗಿದ್ದರೆ ಇದು ಸ್ವಲ್ಪ ಸರಿದು ಜಾಗ ಬಿಡುತ್ತದೆ. ಇದನ್ನು ವಿವರಿಸಿದರೆ ಅವನು, “ಕಂಪ್ಯೂಟರ್‌ಗೆ ಅಷ್ಟೆಲ್ಲಾ ಸಂಸ್ಕಾರ ಇಲ್ಲಣ್ಣ,” ಎಂದ. ಕೊಂಬು, ಇಳಿ, ಒತ್ತಕ್ಷರಗಳನ್ನಂತೂ ಬೇರೆ ಬೇರೆ ಹಾಳೆಯಲ್ಲಿ ಬಿಡಿಸಬೇಕಂತೆ. ಮಟನ್ ಅಂಗಡಿಯಲ್ಲಿ ತಲೆ, ಕಾಲು, ಬೋಟಿ ಬೇರೆ ಬೇರೆ ಇಟ್ಟಂತೆ. ವಿಭೂತಿ ಹಚ್ಚಿದವನಿಗೆ ಈ ಹೋಲಿಕೆ ಹೇಳಲಿಲ್ಲ.

ಕೊನೆಗೆ ಒಂದು ಒಪ್ಪಂದವಾಯಿತು. ನಾನು ಮನಸ್ಸಿನಲ್ಲೇ ಒಂದು ಅಂಗಡಿ ತೆರೆದು ಅಕ್ಷರ ಬರೆಯುವುದು, ಅವನು ಆ ಅಂಗಡಿ ಯಾವುದೆಂದು ಕೇಳದಿರುವುದು.

15 ಮಾರ್ಚ್

ಹಾಳೆಗಳೆಲ್ಲ ಮುಗಿದವು. ಈ ಎನಾಮೆಲ್ ಬಣ್ಣ ತೆಳು, ಎಳೆದಲ್ಲಿ ನಿಲ್ಲುವುದಿಲ್ಲ. ಹಿಂದೆ ನಾನು ಕೈ ಆನಿಸುವ ಕೋಲು ಹಿಡಿದು ಬರೆಯುವವರನ್ನು ಕಂಡು ನಗುತ್ತಿದ್ದೆ. ಈಗ ನಾನೂ ಒಂದು ಮಾಡಿಸಿಕೊಂಡಿದ್ದೇನೆ, ಸುಮ್ಮನೆ, ಒಳ್ಳೆಯ ಬಿದಿರು ಸಿಕ್ಕಿತೆಂದು. ಡೈರಿಯ ಗೆರೆಗಳೂ ವಿಪರೀತ ಇಕ್ಕಟ್ಟು. ಎರಡು ಗೆರೆಗೆ ಒಂದು ಸಾಲು ಬರೆಯುತ್ತಿದ್ದೇನೆ. ಗೊಬ್ಬರದವರಿಗೆ ಕಾಗದದಲ್ಲಿ ಏನು ಜಿಪುಣತನವೋ.

ಜಿಪುಣತನದ ಮಾತು ಬಂದಾಗ ರಹಿಮಾಳದ್ದೂ ಬರೆಯಬೇಕು. ಚಹಾವನ್ನು ಅರ್ಧ ಲೋಟ ಮಾತ್ರ ಕೊಡುತ್ತಾಳೆ. ಕೇಳಿದರೆ ಇನ್ನೊಮ್ಮೆ ಅರ್ಧ ತರುತ್ತಾಳೆ, ಒಟ್ಟಿಗೆ ಪೂರ್ತಿ ಕೊಡುವುದಿಲ್ಲ. ಬೆಳಿಗ್ಗೆ ನನ್ನ ಅಂಗಿಯ ಗುಂಡಿಯನ್ನೂ ತಾನೇ ಹಾಕುತ್ತಾಳೆ. ಈ ವಯಸ್ಸಿನಲ್ಲಿ ಇದೇನು ಪ್ರೇಮ ಎಂದು ಛೇಡಿಸಿದೆ. ಅವಳು ನಗಲಿಲ್ಲ.

26 ಏಪ್ರಿಲ್

ಚನ್ನೇಶ್ ಕರೆದು ಕುರ್ಚಿಯಲ್ಲಿ ಕೂರಿಸಿದ. ಅಕ್ಷಯ ತೃತೀಯದ ಒಳ್ಳೆಯ ದಿನವೆಂದು ಕಂಪ್ಯೂಟರಿಗೆ ಹೂ ಏರಿಸಿದ್ದ. ಕೀಲಿ ಒತ್ತಿದ. ಪರದೆಯ ಮೇಲೆ ನನ್ನ ಅಕ್ಷರಗಳು ಬಂದು ನಿಂತವು. ಬಾಗು ನನ್ನದೇ. ಗುಂಡು ತುದಿ ನನ್ನದೇ. ಆಮೇಲೆ ಅವನು ಒಂದು ಅಕ್ಷರವನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ, ಪರದೆ ತುಂಬುವಷ್ಟು.

“ನೋಡಿ, ನಿಮ್ ಅಲೆ ಒಂದನ್ನೂ ಬಿಟ್ಟಿಲ್ಲ. ಮೆಷೀನು ನುಣ್ಣಗೆ ಮಾಡ್ಬಿಡುತ್ತೆ ಅಂತ ಒಂದೊಂದು ಚುಕ್ಕೀನೂ ಕೈಯಲ್ಲೇ ಕೂರ್ಸಿದೀನಿ.”

ಅಲ್ಲಿ ಏಣಿ ಇರಲಿಲ್ಲ. ಲಾರಿ ಇರಲಿಲ್ಲ. ಆ ಹಾಳೆಗಳನ್ನು ಬರೆದದ್ದು ನಮ್ಮ ಮನೆಯ ಮೇಜಿನ ಮೇಲೆ.

ಚೆನ್ನಾಗಿದೆ ಎಂದೆ.

27 ಏಪ್ರಿಲ್

ಕೆಲಸಕ್ಕೆ ಹೋಗಲಿಲ್ಲ. ಬಿಸಿಲು ಜಾಸ್ತಿ.

9 ಜೂನ್

ಚನ್ನೇಶ್ ಅದಕ್ಕೆ ‘ಪಾಷಾ ಅಲೆ’ ಎಂದು ನಾಮಕರಣ ಮಾಡಿ ಫ್ಲಾಪಿ ಹಂಚಿದ್ದಾನೆ. ಊರಿಗೆ ಊರೇ ಅದರ ಹಿಂದೆ ಬಿದ್ದಿದೆ. ಲಗ್ನಪತ್ರಿಕೆ, ಐಸ್‌ಕ್ರೀಂ ಗಾಡಿ, ಟ್ಯೂಷನ್ ಪಾಂಪ್ಲೆಟ್, ಬ್ಯೂಟಿ ಪಾರ್ಲರ್, ಎಲ್ಲಿ ನೋಡಿದರೂ ಅದೇ. ಅಷ್ಟಕ್ಕೆ ನಿಂತಿದ್ದರೆ ಸರಿ. ಮಂಡಿಪೇಟೆಯ ಒಂದು ಗಿರಣಿಯವರು ಟ್ರಾನ್ಸ್‌ಫಾರ್ಮರಿಗೆ ‘ಅಪಾಯ’ ಎಂದು ಇದೇ ಅಕ್ಷರದಲ್ಲಿ ಹಾಕಿದ್ದಾರೆ. ನೋಡಿದವರಿಗೆ ಒಂದ್ಸಲ ಮುಟ್ಟಿ ನೋಡೋಣ ಎನಿಸಬೇಕು, ಅಷ್ಟು ಅಕ್ಕರೆಯಿಂದ ಕರೆಯುತ್ತಿದೆ. ಕೋತಿತೋಪಿನಲ್ಲಿ ಯಾರದೋ ಶ್ರದ್ಧಾಂಜಲಿಯ ಬ್ಯಾನರೂ ಇದರಲ್ಲೇ. ತೀರಿಹೋದ ಯಜಮಾನರು ಹೊಸ ಸ್ವೀಟ್ ಅಂಗಡಿ ಹಾಕಿದ್ದಾರೆಂದು ತಿಳಿದು ನಾನೇ ಸೈಕಲ್ ನಿಲ್ಲಿಸಿದೆ.

ಎಲ್ಲರೂ ಹೊಗಳುವುದು ಆ ಅಲೆಯನ್ನೇ. ಮುದ್ದಾಗಿದೆಯಂತೆ. ನಾನು ಹೌದು ಹೌದು ಎನ್ನುತ್ತಾ ತಲೆ ಆಡಿಸುತ್ತೇನೆ. ಸೈಕಲ್ ತಳ್ಳಿಕೊಂಡೇ ಮನೆಗೆ ಬಂದೆ. ಹ್ಯಾಂಡಲ್ ಸಡಿಲವಾಗಿದೆ.

28 ಜೂನ್, ಕುಣಿಗಲ್

ಇವತ್ತು ಕಂಡದ್ದನ್ನು ಯಾರಿಗೂ ಹೇಳುವಂತಿಲ್ಲ, ಆದ್ದರಿಂದ ಇಲ್ಲಿ.

ಕುಣಿಗಲ್ ಬಸ್ ಸ್ಟ್ಯಾಂಡಿನ ಹತ್ತಿರ ಪುಟ್ಟರಂಗಯ್ಯ ಒಂದು ಹಣ್ಣಿನಂಗಡಿಗೆ ಬೋರ್ಡ್ ಬರೆಯುತ್ತಿದ್ದ. ನನಗಿಂತ ಚಿಕ್ಕವನು, ಕಲ್ಲಿನಂಥ ಕೈ. ದಾರವಿಟ್ಟಂತೆ ಗೆರೆ ಎಳೆಯುವವನು. ಅವನು ಬ್ರಷ್ ಹಿಡಿದ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಗಡಗಡ ಅಲುಗಾಡಿಸುತ್ತಿದ್ದ. ನನ್ನನ್ನು ಕಂಡವನೇ ನಕ್ಕ.

“ಗುರುವೇ, ನಿಮ್ ಅಲೆ ಬತ್ತಾ ಇಲ್ಲ ನಂಗೆ. ವಾರದಿಂದ ಪ್ರಾಕ್ಟೀಸ್ ಮಾಡ್ತಾ ಇದೀನಿ. ಮೊಣಕೈಯಿಂದ ಅಲ್ಲಾಡಿಸ್ಬೇಕೋ ಮಣಿಕಟ್ಟಿಂದ್ಲೋ, ಒಸಿ ಹೇಳ್ಕೊಡಿ.”

ಗಿರಾಕಿ ಅಲೆಯನ್ನೇ ಕೇಳುತ್ತಾನಂತೆ, ನೆಟ್ಟಗಿನ ಗೆರೆ ಯಾರಿಗೂ ಬೇಡವಂತೆ. ಆ ಗಟ್ಟಿಮುಟ್ಟಾದ ಕೈಯನ್ನು ನೋಡುತ್ತಾ ನಿಂತೆ. ನನಗೆ ಅಸೂಯೆಯಾಯಿತು. ಅಷ್ಟು ಅಸೂಯೆ ಬೆಂಗಳೂರಿನ ಯಂತ್ರವನ್ನು ಕಂಡಾಗಲೂ ಆಗಿರಲಿಲ್ಲ.

“ಮಣಿಕಟ್ಟು,” ಎಂದು ಹೇಳಿ ಬಸ್ ಹತ್ತಿದೆ. ನಾನೆಂಥ ಗುರು.

29 ಜೂನ್

ಚಹಾ ಕೊಡುವಾಗ ರಹಿಮಾಳನ್ನು ಕೇಳಿದೆ. ಎಷ್ಟು ದಿನದಿಂದ ಎಂದು ಮಾತ್ರ ಕೇಳಿದೆ. ಏನು ಎಂದು ಅವಳು ಕೇಳಲಿಲ್ಲ.

“ಹೋದ ವರ್ಷದ ಬಕ್ರೀದಿನಿಂದ. ನೀವೇ ಹೇಳ್ತೀರ ಅಂತ ಕಾದೆ. ನೀವು ಏಣಿ ಬೈದ್ರಿ, ಬ್ರಷ್ ಬೈದ್ರಿ. ಇನ್ನು ನನ್ನನ್ನೂ ಬೈಯೋವರ್ಗೂ ಸುಮ್ನಿರೋಣ ಅನ್ಕೊಂಡೆ.”

ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಆದರೂ ಹೇಳಿದಳು, “ಗುಬ್ಬಿ ಗೇಟ್ ಬೇಕರಿ ಅಕ್ಷರ ಆರೋಗ್ಯವಾಗಿದೆ. ಈಗ ಎಲ್ಲಾ ಕಡೆ ಅಂಟಿಸಿದಾರಲ್ಲ, ಅದಕ್ಕೆ ಚಳಿಜ್ವರ.” ಡಾಕ್ಟರ ಹತ್ತಿರ ಹೋಗೋಣ ಎಂದಳು. ಹೋದರೆ ಅವರು ಇದಕ್ಕೊಂದು ಹೆಸರಿಡುತ್ತಾರೆ, ಹೆಸರಿಟ್ಟರೆ ಬೋರ್ಡ್ ಹಾಕಿದಂತೆ, ಊರಿಗೆಲ್ಲ ಕಾಣುತ್ತದೆ ಎಂದೆ. ಆಗಲೇ ಕಾಣ್ತಿದೆ ಎಂದಳು. ನನಗೆ ಭಯವಾಗಿದೆ. ಇದನ್ನು ತಮಾಷೆ ಮಾಡಿ ಬರೆಯಲು ಎರಡು ಸಲ ಪ್ರಯತ್ನಿಸಿದೆ, ಆಗಲಿಲ್ಲ.

ಕೈ ಹೋದರೆ ಹೋಗಲಿ. ನಾನು ಸತ್ತ ಮೇಲೂ ಈ ಊರಿನ ತುಂಬ ನನ್ನ ಹೆಸರಿನಲ್ಲಿ ನನ್ನ ಕಾಯಿಲೆ ನಿಂತಿರಬೇಕೇ? ಅದನ್ನು ತೆಗೆಸಬೇಕು.

5 ಜುಲೈ

ಚನ್ನೇಶನಿಗೆ ಅಲೆ ತೆಗೆ ಎಂದೆ.

“ಯಾಕಣ್ಣ?”

ಅಲೆ ಹಳತಾಯಿತು ಎಂದೆ. ಈಗ ತಾನೇ ಓಡುತ್ತಿದೆ ಎಂದ. ಕಣ್ಣಿಗೆ ಆಯಾಸ ಎಂದೆ. ಯಾರೂ ಹಾಗಂದಿಲ್ಲ ಎಂದ. ವಾಸ್ತು ಸರಿಯಿಲ್ಲ ಎಂದೆ. ಒಬ್ಬ ಮುಸಲ್ಮಾನ ಒಬ್ಬ ಲಿಂಗಾಯತನಿಗೆ ವಾಸ್ತು ಹೇಳಿಕೊಡುವಷ್ಟು ದೂರ ಹೋದೆನಲ್ಲ, ಅದಕ್ಕೆ ನನ್ನನ್ನು ಮೆಚ್ಚಬೇಕು.

“ಖುರ್ಷಿದಣ್ಣ, ನಿಮ್ ಕೈ ತಿದ್ದೋಕೆ ನಾನ್ಯಾರು? ನಿಜವಾದ ಕಾರಣ ಹೇಳಿ, ಈಗ್ಲೇ ತೆಗೀತೀನಿ.”

ಮಳೆ ಬರುವ ಹಾಗಿದೆ ಎಂದು ಎದ್ದು ಬಂದೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

12 ಜುಲೈ

ಹೇಳಿದೆ.

ಅವನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೋದೆ. ಕೈಯನ್ನು ಅವನ ಮೇಜಿನ ಮೇಲಿಟ್ಟು ಕೂತೆ. ಪಕ್ಕದಲ್ಲಿದ್ದ ಗಾಜಿನ ಲೋಟ ಸಣ್ಣಗೆ ಸದ್ದು ಮಾಡತೊಡಗಿತು. ಅವನು ಮೊದಲು ಲೋಟ ನೋಡಿದ, ಆಮೇಲೆ ಕೈ ನೋಡಿದ.

“ಡಿಸೈನ್ ಅಲ್ಲಪ್ಪ ಅದು,” ಎಂದೆ.

ಅವನ ಮುಖ ಸಪ್ಪಗಾಯಿತು. “ಅಷ್ಟು ದೊಡ್ಡದು ಮಾಡ್ಕೊಂಡು ಚುಕ್ಕಿ ಚುಕ್ಕಿ ಕೂರ್ಸಿದ್ನಲ್ಲಣ್ಣ ನಾನು. ಗುರುಗಳ ಕೈ, ಏನೂ ತಪ್ಪಬಾರ್ದು ಅಂತ.” ಅವನಿಗೆ ಕಣ್ಣೀರೇ ಬಂತು. ಸಮಾಧಾನ ಮಾಡುವ ಕೆಲಸವೂ ನನ್ನ ಪಾಲಿಗೇ ಬಂತು. ಇಬ್ಬರೂ ಚಹಾ ಕುಡಿದೆವು. ನನ್ನದು ಸ್ವಲ್ಪ ಚೆಲ್ಲಿತು. ಅವನು ಬೇರೆ ಕಡೆ ನೋಡಲಿಲ್ಲ, ಬಟ್ಟೆ ತಂದು ಒರೆಸಿದ.

ಹಾಳೆಗಳನ್ನು ಬಿಟ್ಟು ಹಳೆಯ ಬೋರ್ಡುಗಳಿಂದಲೇ ಅಕ್ಷರ ಎತ್ತೋಣ ಎಂದು ತೀರ್ಮಾನವಾಯಿತು.

11 ಆಗಸ್ಟ್

ತಿಂಗಳಿನಿಂದ ಊರೂರು ತಿರುಗುತ್ತಿದ್ದೇವೆ. ಚನ್ನೇಶ್ ಏಣಿ ಹತ್ತಿ ಬೋರ್ಡಿನ ಮೇಲೆ ಬಟರ್ ಪೇಪರ್ ಹಿಡಿದು ಪೆನ್ಸಿಲಿನಲ್ಲಿ ಎತ್ತಿಕೊಳ್ಳುತ್ತಾನೆ, ನಾನು ಕೆಳಗೆ ಏಣಿ ಹಿಡಿಯುತ್ತೇನೆ. “ಏಣಿ ಅಲುಗ್ತಿದೆ ಅಣ್ಣ,” ಎಂದ ಒಮ್ಮೆ. “ಈ ಸಲ ನಿಜವಾಗ್ಲೂ ನಾನೇ,” ಎಂದೆ. ಇಬ್ಬರೂ ನಕ್ಕೆವು. ಶಿವರಾಮಯ್ಯನವರ ಮಗ ಕೆಳಗಿನಿಂದ ಬನ್ನು ಕೊಟ್ಟ.

ಗುಬ್ಬಿಯ ಬಳೆ ಅಂಗಡಿಯಿಂದ ಬ, ಳ. ಕುಣಿಗಲ್ಲಿನ ಶಿಶುವಿಹಾರದಿಂದ ಶ. ಝ ಎಲ್ಲೂ ಸಿಗಲಿಲ್ಲ, ಈ ಸೀಮೆಯಲ್ಲಿ ಝ ಇರುವ ವ್ಯಾಪಾರವನ್ನು ಯಾರೂ ಮಾಡಿಲ್ಲ. ಅದನ್ನು ನಾನು ಬಾಯಲ್ಲಿ ಹೇಳಿದೆ, ಅವನು ಬರೆದ. ಇನ್ನೂ ಬಾಗಲಿ, ಅಷ್ಟಲ್ಲ, ಹೊಟ್ಟೆ ಸ್ವಲ್ಪ ಒಳಗೆ, ಹಾಂ. ಚೆನ್ನಾಗಿಯೇ ಬಂದಿದೆ. ಅವನಿಗೆ ಹೇಳಿಲ್ಲ, ತಲೆ ತಿರುಗಬಾರದು.

25 ಆಗಸ್ಟ್

ಹೊಸ ಫಾಂಟ್ ಆಯಿತು. ಒಂದು ಗೆರೆಯೂ ಅದುರದ, ನಲವತ್ತರ ಹರೆಯದ ಖುರ್ಷಿದ್ ಪಾಷಾ. ರಹಿಮಾಳನ್ನು ಕರೆದುಕೊಂಡು ಬಂದು ತೋರಿಸಿದೆ. ಜ್ವರ ಬಿಟ್ಟಿದೆ ಎಂದಳು.

ಆದರೆ ಗಿರಾಕಿಗಳೋ, ಇದು ಡೂಪ್ಲಿಕೇಟ್ ಎನ್ನುತ್ತಾರೆ. ಅಲೆ ಇಲ್ಲದ್ದು ಪಾಷಾ ಅಕ್ಷರವೇ ಅಲ್ಲವಂತೆ. ಬೆಂಗಳೂರಿನವರು ಕದ್ದು ಮಾಡಿರಬೇಕು ಎಂದು ಒಬ್ಬ ನನಗೇ ಎಚ್ಚರಿಕೆ ಕೊಟ್ಟ. ಚನ್ನೇಶ್ ಎರಡನ್ನೂ ಕಂಪ್ಯೂಟರಿನಲ್ಲಿ ಇಟ್ಟಿದ್ದಾನೆ, ಅಳಿಸಲಾ ಎಂದು ಕೇಳಿದ. ಇರಲಿ, ಆಮೇಲೆ ನೋಡೋಣ ಎಂದೆ. ಯಾಕೆ ಹಾಗೆಂದೆನೋ. ಬೋರ್ಡಿನ ಕೆಲಸ ಕಡಿಮೆ, ಹಾಗಾಗಿ ದಿನವೂ ಅವನ ಅಂಗಡಿಯಲ್ಲೇ ಕೂತಿರುತ್ತೇನೆ.

2 ಸೆಪ್ಟೆಂಬರ್

ಕುಣಿಗಲ್ ಕಡೆಯ ನಿಂಗಮ್ಮ ಎಂಬುವರು ಮೊಮ್ಮಗಳ ನಾಮಕರಣದ ಪತ್ರಿಕೆ ಮಾಡಿಸಲು ಬಂದಿದ್ದರು. ಜೊತೆಗೆ ಮಗ, ಸೊಸೆ, ಇನ್ನಿಬ್ಬರು ನೆಂಟರು. ಚನ್ನೇಶ್ ಎರಡು ಬಗೆಯನ್ನೂ ಅಚ್ಚು ತೆಗೆದು ಮುಂದಿಟ್ಟ. ನಿಂಗಮ್ಮ ಅಲೆಯದ್ದರ ಮೇಲೆ ಬೆರಳಿಟ್ಟು, “ಇದ್ಯಾಕಪ್ಪ ಹಿಂಗೈತೆ?” ಎಂದರು.

ಚನ್ನೇಶ್ ನನ್ನ ಕಡೆ ನೋಡದೆ, “ಅದೊಂದು ಡಿಸೈನ್ ಅಮ್ಮ,” ಎಂದ.

“ಡಿಸೈನ್ ಅಲ್ಲ ತಾಯಿ. ಬರ್ದಿದ್ದು ನಾನು. ಕೈ ನಡುಗುತ್ತೆ, ಅದಕ್ಕೆ ಹಂಗೆ ಬಂದಿದೆ,” ಎಂದೆ. ಅಂಗಡಿ ತುಂಬ ಜನರಿದ್ದರು.

ನಿಂಗಮ್ಮ ನನ್ನ ಕೈಯನ್ನು ನೋಡಿದರು. “ನಮ್ಮತ್ತೇದೂ ಹಿಂಗೇ ನಡುಗ್ತಿತ್ತು. ತಟ್ಟೆ ಹಿಡಿದ್ರೆ ಅನ್ನ ಚೆಲ್ಲೋರು. ನನ್ ಮಕ್ಳಿಗೆಲ್ಲಾ ಕಾಲ್ ಮ್ಯಾಲೆ ಮಲಗಿಸ್ಕೊಂಡು ಎಣ್ಣೆ ತಿಕ್ಕಿ ನೀರು ಹುಯ್ದಿದ್ದು ಅದೇ ಕೈ. ಒಂದ್ ಕೂಸೂ ಜಾರ್ಲಿಲ್ಲ ಕಣಪ್ಪ. ಇದ್ನೇ ಹಾಕಿ.”

“ಮಗು ಹೆಸರೇನು?”

“ರೂಪಶ್ರೀ.”

“ಹೆಸರನ್ನ ನಾನೇ ಬರ್ಕೊಡ್ತೀನಿ,” ಎಂದೆ.

ಚನ್ನೇಶ್ ಎದ್ದು ಕುರ್ಚಿ ಬಿಟ್ಟುಕೊಟ್ಟ. ನನ್ನ ಅಂಗಡಿಯಿಂದ ಬ್ರಷ್, ಬಣ್ಣ ತಂದು, ಅವರೆಲ್ಲರ ಎದುರಿಗೆ ಬರೆದೆ. ಕೈ ನಡುಗಿತು, ನಡುಗಲು ಬಿಟ್ಟೆ. ಬಣ್ಣ ಒಣಗುವವರೆಗೂ ನಿಂಗಮ್ಮ ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.